ರಾಜಹಂಸ ತೋರಿಸಿದ ಬೈನಾಕ್ಯುಲರ್ ಮಹಾಶಯರಿಗೆ

ಮಾನ್ಯರೇ,

ಅಂಗೈಯಗಲದ ಮೈಯಲ್ಲಿ ಅರ್ಧ ತಾಲ್ಲೂಕನ್ನು ಅಡಗಿಸಿಕೊಂಡಿರುವ, ಜೇಬಿನೊಳಗೆ ಮಡಚಿ ಕೂತರೂ ಘನತೆ ಕಳೆದುಕೊಳ್ಳದ ತಮ್ಮ ಪಾದಗಳಿಗೆ, ಪಾದಗಳಿಲ್ಲವಾದರೆ ಕುತ್ತಿಗೆಯ ದಾರಕ್ಕೆ, ನಂಜನಗೂಡಿನ ಬೀಜ-ಗೊಬ್ಬರದ ವ್ಯಾಪಾರಿ ಗಂಗಾಧರಸ್ವಾಮಿಯ ಶರಣು ಶರಣಾರ್ಥಿಗಳು.

ತಮ್ಮ ಸೇವೆಯಲ್ಲಿ ನಾನು ಕೊರತೆ ಮಾಡಿದೆನೆಂದು ತಾವು ಹೇಳಲಾರಿರಿ. ಆಯುಧಪೂಜೆಯಂದು ಅಂಗಡಿಯ ತಕ್ಕಡಿ, ಸ್ಕೂಟರುಗಳ ಸಾಲಿನಲ್ಲಿ ತಮ್ಮನ್ನೂ ಕೂರಿಸಿ, ಮೈಗೆ ವಿಭೂತಿ ಎಳೆದು, ಮುಂದಿನ ಎರಡು ಗಾಜುಗಳೇ ತಮ್ಮ ಮುಖವೆಂದು ಬಗೆದು ಎರಡಕ್ಕೂ ನಟ್ಟನಡುವೆ ಗಂಧ ಕಲಸಿದ ಕುಂಕುಮವಿಟ್ಟವನು ನಾನು. ಮರುದಿನ ಟವೆಲ್ಲಿನ ತುದಿಯಿಂದ ಮೆಲ್ಲಗೆ ಸವರಿದವನೂ ನಾನೇ. ಪೂಜೆಯ ಕುಂಕುಮ, ಉಜ್ಜಿ ತೆಗೆಯಬಾರದಲ್ಲ.

ಅದೇ ವಾರ ವ್ಯಾಪಾರದ ನೆಪದಲ್ಲಿ ಸೋಮನಾಥಪುರಕ್ಕೆ ಹೋದಾಗ, ಗದ್ದೆ ಬಯಲಿನಲ್ಲಿ ತಾವು ನನಗೆ ತಿಳಿಗುಲಾಬಿ ಬಣ್ಣದ ರಾಜಹಂಸಗಳ ಹಿಂಡನ್ನೇ ದಯಪಾಲಿಸಿದಿರಿ. ಅದರಲ್ಲೊಂದು ಎಮ್ಮೆಯ ಬೆನ್ನೇರಿ ಕೂತದ್ದು ವಿಚಿತ್ರವೆನಿಸಿತಾದರೂ, ದೂರದಿಂದ ಹಾರಿ ಬಂದು ದಣಿದಿರಬೇಕೆಂದು ಸಮಾಧಾನ ಮಾಡಿಕೊಂಡೆ. ಎಮ್ಮೆಯೂ ಕೊಂಚ ಕೆಂಪಗಿತ್ತು, ಸಂಜೆಯ ಬಿಸಿಲೆಂದುಕೊಂಡೆ. ತಾವು ಒಂದು ಮಾತು ಎಚ್ಚರಿಸಬಹುದಿತ್ತು.

ಬೆಳಗಿನ ವಾಕಿಂಗ್ ಗೆಳೆಯರಿಗೆ ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಸಿದ್ದಮಲ್ಲಪ್ಪನವರಂತೂ ಮನೆಗೇ ಬಂದು ಇನ್ನೊಮ್ಮೆ ನಕ್ಕರು. ಆಗ, ಮದುವೆಯಾದಂದಿನಿಂದ ನನ್ನ ಯಾವ ಮಾತನ್ನೂ ಇನ್ನೊಬ್ಬರನ್ನು ವಿಚಾರಿಸದೆ ನಂಬದ ನನ್ನ ಹೆಂಡತಿ ಹೇಮಲತಾ ಅಡುಗೆಮನೆಯಿಂದ ಈಚೆ ಬಂದು, ತನ್ನ ಯಜಮಾನರು ಕಂಡದ್ದು ಸುಳ್ಳಾಗುವುದಿಲ್ಲ, ಬೇಕಾದರೆ ತಾನೇ ಹೋಗಿ ನೋಡಿ ಬಂದು ಹೇಳುತ್ತೇನೆ ಎಂದುಬಿಟ್ಟಳು. ಮಾನ್ಯರೇ, ನನಗೆ ಕಣ್ಣು ತುಂಬಿ ಬಂತು. ಅವಳ ಆ ಒಂದು ಮಾತನ್ನು ಉಳಿಸಿಕೊಡುವುದಷ್ಟೇ ತಮ್ಮ ಕೆಲಸವಾಗಿತ್ತು.

ಭಾನುವಾರ ಚಿತ್ರಾನ್ನ ಕಟ್ಟಿಕೊಂಡು, ತಿ. ನರಸೀಪುರದಲ್ಲಿ ಬಸ್ಸು ಬದಲಿಸಿ, ಇಬ್ಬರೂ ಅದೇ ಬದುವಿನ ಮೇಲೆ ನಿಂತೆವು. ಅವಳು ತಮ್ಮನ್ನು ಕಣ್ಣಿಗೆ ಹಿಡಿದಳು, ಇಳಿಸಿದಳು, ಸೆರಗಿನಿಂದ ಗಾಜನ್ನು ಚೆನ್ನಾಗಿ ತಿಕ್ಕಿ ಮತ್ತೆ ಹಿಡಿದಳು. ಸೆರಗಿನ ತುದಿ ಕೆಂಪಾಗಿತ್ತು.

“ಬೆಳ್ಳಕ್ಕಿ ಕಣ್ರೀ ಇವು,” ಎಂದಳು. “ಕುಂಕುಮ ಇಟ್ಟೋರು ನೀವು.”

ಚಿತ್ರಾನ್ನದ ಡಬ್ಬಿಯ ಮುಚ್ಚಳ ತೆಗೆಯುವುದರಲ್ಲಿ ನಾನು ಬಹಳ ಹೊತ್ತು ಕಳೆದೆ. 

ಸಂಜೆ ಸಿದ್ದಮಲ್ಲಪ್ಪನವರು ನಮ್ಮ ಜಗಲಿಯ ಮೇಲೆಯೇ ಕಾದಿದ್ದರು. ಹೇಮಲತಾ ಸೆರಗಿನ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, “ಇದ್ವು ಕಣಣ್ಣ, ನಾನೇ ನೋಡ್ದೆ. ಕೆಂಪಗೇ ಇದ್ವು,” ಎಂದಳು. ಸುಳ್ಳೇನಲ್ಲ, ಒರೆಸುವ ಮುಂಚೆ ಒಮ್ಮೆ ನೋಡಿದ್ದಳಲ್ಲ. ಅಂದಿನಿಂದ ತಾವು ಅವಳ ಕೊರಳಲ್ಲಿದ್ದೀರಿ. ನನ್ನದೇನೂ ತಕರಾರಿಲ್ಲ.

ಇಂತಿ, ತಮ್ಮ ವಿಶ್ವಾಸಿಯೂ ಮಾಜಿ ಒಡೆಯನೂ ಆದ
ಗಂಗಾಧರಸ್ವಾಮಿ

ತಾ.ಕ.: ಬರುವ ಭಾನುವಾರ ಗೆಳೆಯರೆಲ್ಲ ವ್ಯಾನು ಮಾಡಿಕೊಂಡು ಸೋಮನಾಥಪುರಕ್ಕೆ ಹೊರಟಿದ್ದಾರೆ. ಒಂದೇ ಒಂದು ಬೆಳ್ಳಕ್ಕಿಯನ್ನಾದರೂ ಗುಲಾಬಿ ಬಣ್ಣಕ್ಕೆ ತಿರುಗಿಸಿಕೊಡಬೇಕಾಗಿ ಪ್ರಾರ್ಥನೆ. ತಮ್ಮಿಂದಾಗದಿದ್ದರೆ ಚಿಂತೆಯಿಲ್ಲ, ಹೇಮಲತಾ ಕುಂಕುಮದ ಭರಣಿಯನ್ನು ಕೈಚೀಲಕ್ಕೆ ಹಾಕಿಕೊಂಡದ್ದನ್ನು ಈಗಷ್ಟೇ ನೋಡಿದೆ.