ಸಾಣಿಗೆಯನ್ನು ವಿಜ್ಞಾನಕ್ಕೆ ಸೇರಿಸಿದ ಸೈಕ್ಲೋಸ್ಟೈಲ್ ಯಂತ್ರಕ್ಕೆ

ಖಾನಾಪುರ,
ಸೆಪ್ಟೆಂಬರ್ ೧೯೮೧

ಶ್ರೀಮದ್ ಸೈಕ್ಲೋಸ್ಟೈಲ್ ಯಂತ್ರ ಮಹೋದಯರ ಸನ್ನಿಧಿಗೆ,
ಸರ್ವಸಾಧಕ ಟ್ಯುಟೋರಿಯಲ್ಸ್, ಹಿಂದಿನ ಕೋಣೆ,
ಖಾಸಬಾಗ, ಬೆಳಗಾವಿ.

ಮಾನ್ಯರೇ,

ತಮ್ಮ ಉರುಳೆಗೆ ತುಕ್ಕು ಹಿಡಿಯದಿರಲಿ, ತಮ್ಮ ಶಾಯಿ ಒಣಗದಿರಲಿ, ತಮ್ಮ ಹಿಡಿಕೆ ತಿರುಗಿಸುವವರ ರಟ್ಟೆಗೆ ನೋವು ಬಾರದಿರಲಿ ಎಂದು ಮೊದಲಿಗೆ ಹಾರೈಸಿ, ಖಾನಾಪುರದ ಹಂಚಿನ ಕಾರ್ಖಾನೆಯ ಹಿಂದಿನ ಓಣಿಯ ವಿದ್ಯಾರ್ಥಿನಿ ಪದ್ಮವ್ವಳಾದ ನಾನು ಎರಡೂ ಕೈ ಜೋಡಿಸಿ ಮಾಡಿಕೊಳ್ಳುವ ಬಿನ್ನಹವೇನೆಂದರೆ, ನಮ್ಮ ಮನೆಯ ಹಿಟ್ಟು ಸೋಸುವ ಸಾಣಿಗೆಯನ್ನು ತಾವು ವಿಜ್ಞಾನಕ್ಕೆ ಸೇರಿಸಿದ್ದರಿಂದ ನಾನು ಎರಡು ಅಂಕಗಳಿಂದ ನಪಾಸಾಗಿದ್ದೇನೆ. ಖಾಸಗಿಯಾಗಿ ಬರೆದರೂ ತಾವು ನಾಲ್ಕು ನೂರು ಪ್ರತಿ ಮಾಡಿ ಹಂಚುವಿರಾದ್ದರಿಂದ ಈ ಪತ್ರವನ್ನು ಮೊದಲೇ ಬಹಿರಂಗವಾಗಿ ಬರೆಯುತ್ತಿದ್ದೇನೆ.

ತಮ್ಮಂಥ ದೊಡ್ಡವರಿಗೆ ನನ್ನ ನೆನಪಿರಲಾರದು. ಶಿಕ್ಷಕಿಯರ ತರಬೇತಿಗೆ ಸೇರಲು ಈ ವರ್ಷ ಒಂದು ಪ್ರವೇಶ ಪರೀಕ್ಷೆ ಇಟ್ಟಿದ್ದರು. ಪತ್ರಿಕೆಯ ಹೆಸರು ‘ವಿಜ್ಞಾನ, ತಂತ್ರಜ್ಞಾನ, ಕಲೆ ಹಾಗೂ ಭಾಷಾಕಲಿಕೆ: ಪ್ರಾಥಮಿಕ ಪರಿಚಯ’. ಜಗತ್ತಿನಲ್ಲಿರುವುದೆಲ್ಲ ಒಂದೇ ಪತ್ರಿಕೆಯಲ್ಲಿ ಬಂದುಬಿಟ್ಟರೆ ಪಠ್ಯಪುಸ್ತಕ ಬರೆಯುವ ಧೈರ್ಯ ಯಾರಿಗಿದ್ದೀತು? ಪುಸ್ತಕವೇ ಇರಲಿಲ್ಲ. ಆದ್ದರಿಂದ ಪ್ರತಿ ರವಿವಾರ ಮುಂಜಾನೆಯ ರೈಲು ಹಿಡಿದು ಖಾಸಬಾಗಕ್ಕೆ ಬಂದು, ತಮ್ಮ ಮಾಲೀಕರಾದ ಬಸಲಿಂಗಪ್ಪ ಮಾಸ್ತರರ ಪಾಠ ಕೇಳಿ, ಮನೆಗೆ ಹೋಗಿ ಒಲೆಯ ಮುಂದೆ ಕುಳಿತು ಒಂದು ವಹಿಯ ತುಂಬ ನನ್ನದೇ ಮಾತಿನಲ್ಲಿ ಟಿಪ್ಪಣಿ ಬರೆದೆ. ಕಬ್ಬಿಣ ಕಾಯ್ದರೆ ಹಿಗ್ಗುತ್ತದೆ ಎಂಬುದನ್ನು ಬರೆಯುವ ಮೊದಲು ಕಂಬಾರರ ಸಾಲೆಗೆ ಹೋಗಿ, ಕೆಂಪಗೆ ಕಾಯಿಸಿದ ಕಬ್ಬಿಣದ ಹಳಿಯನ್ನು ಚಕ್ಕಡಿಯ ಗಾಲಿಗೆ ಕೂಡಿಸುವುದನ್ನು ಒಂದು ಇಡೀ ಮುಂಜಾನೆ ನೋಡಿ ಬಂದೆ. ಆ ವಹಿಯ ಮೇಲೆ ನನಗೆ ಬಹಳ ಅಭಿಮಾನವಿತ್ತು, ಅದನ್ನು ಮುಚ್ಚಿಡುವುದಿಲ್ಲ.

ಆದರೆ ನಮ್ಮ ಮನೆಯಲ್ಲಿ ಬರೆಯುವ ಕಾಗದವೆಂದರೆ ಅದೊಂದೇ ವಹಿ, ಬರೆಯಲು ಬರುವವಳು ನಾನೊಬ್ಬಳೇ. ನಮ್ಮ ಅಜ್ಜಿ ಫಕೀರವ್ವ ನೆನಪಿಡಬೇಕಾದದ್ದನ್ನೆಲ್ಲ ಅದರಲ್ಲಿಯೇ ಬರೆಸುತ್ತಾಳೆ; ನಾನು ಯಾವ ಪಾಠದ ನಡುವೆ ಇದ್ದೇನೆಂಬುದು ಅವಳಿಗೆ ಸಂಬಂಧವಿಲ್ಲ. ಹೀಗಾಗಿ ಗಾಲಿಯ ಹಳಿ ಹಿಗ್ಗಿದ ಕೆಳಗೇ “ಕಾಶವ್ವ ಸಾಣಿಗಿ ಒಯ್ದು ಮೂರ ತಿಂಗಳಾತು, ಕೇಳಬೇಕು” ಎಂದೂ, ರೇಡಿಯೊ ಕೆಲಸ ಮಾಡುವ ಬಗೆಯ ಕೆಳಗೆ “ಎಮ್ಮಿಗೆ ಹಿಂಡಿ ಇಡಬೇಕು” ಎಂದೂ, ಚಿತ್ರಕಲೆಯ ಮೂಲಬಣ್ಣಗಳ ಕೆಳಗೆ “ಅಂಗಳದಾಗಿನ ಹಪ್ಪಳ ಒಳಗ ತರಬೇಕು” ಎಂದೂ, ನೆರೆಹೊರೆಯವರೊಡನೆ ಮಾತನಾಡುವುದೇ ಭಾಷೆ ಕಲಿಯುವ ಸುಲಭ ದಾರಿ ಎಂಬುದರ ಕೆಳಗೆ “ಸಾಣಿಗಿ ಬರೂತನಕ ಕಾಶವ್ವನ ಕೂಡ ಮಾತಿಲ್ಲ” ಎಂದೂ ದಾಖಲಾಯಿತು. ಪ್ರತಿ ಸಲವೂ ಅಜ್ಜಿ “ಅದರ ಬುಡಕ ಕೆಂಪ ಗೀಟ ಹೊಡಿ, ಇಲ್ಲಾಂದ್ರ ಮರೀತಿ” ಎನ್ನುತ್ತಿದ್ದಳು. ನಾನು ಹೊಡೆಯುತ್ತಿದ್ದೆ.

ಈ ಕಾಶವ್ವ ನಮ್ಮ ಬಾಜೂ ಮನೆಯವಳು, ನನ್ನ ಗೆಳತಿ ನಿಂಗವ್ವನ ತಾಯಿ. ನಿಂಗವ್ವನೂ ಇದೇ ಪರೀಕ್ಷೆಗೆ ಕಟ್ಟಿದ್ದಳು. ರವಿವಾರದ ರೈಲಿನಲ್ಲಿ ನಾವಿಬ್ಬರೂ ಒಂದೇ ಬಾಕಿನ ಮೇಲೆ ಕುಳಿತು, ಒಂದೇ ಬುತ್ತಿ ಬಿಚ್ಚಿ, ಒಂದೇ ಸಾಲೆಯಲ್ಲಿ ಮಾಸ್ತರಿಣಿಯರಾಗುವ ಮಾತಾಡುತ್ತಿದ್ದೆವು. ಸಾಣಿಗೆಯ ಜಗಳ ಹಿರಿಯರದು, ನಮ್ಮದಲ್ಲ ಎಂದು ನಾವು ಮೊದಲೇ ಒಪ್ಪಂದ ಮಾಡಿಕೊಂಡಿದ್ದೆವು.

ಹೀಗಿರಲು ಬಸಲಿಂಗಪ್ಪ ಮಾಸ್ತರರು “ಎರಡ ದಿನದಾಗ ಕೊಡ್ತೀನಿ ತಂಗಿ” ಎಂದು ವಹಿಯನ್ನು ಒಯ್ದರು. ಅವರು ಟ್ಯುಟೋರಿಯಲ್ ತೆರೆಯುವ ಮೊದಲು ಮೂವತ್ತು ವರ್ಷ ಕೋರ್ಟಿನಲ್ಲಿ ನಕಲು ಗುಮಾಸ್ತರಾಗಿದ್ದವರು. ಮೂಲದಲ್ಲಿ ಚಿತ್ತು ಇದ್ದರೆ ನಕಲಿನಲ್ಲೂ ಚಿತ್ತು, ಮೂಲದಲ್ಲಿ ಚಹಾದ ಕಲೆಯಿದ್ದರೆ ನಕಲಿನಲ್ಲಿ ‘ಇಲ್ಲಿ ಕಲೆ ಇದೆ’ ಎಂದು ಬರೆದು ರುಜು ಹಾಕಿದವರು. ಮೇಣದ ಹಾಳೆಯ ಮೇಲೆ ಅವರು ನನ್ನ ವಹಿಯನ್ನು ಅಕ್ಷರಕ್ಕೆ ಅಕ್ಷರ ಕೊರೆದರು, ಗೀಟಿಗೆ ಗೀಟು ಎಳೆದರು. ಆಮೇಲೆ ಕೇಳಿದಾಗ, “ಇದ್ದದ್ದ ಇದ್ದಂಗ ಬರಿಬೇಕ್ರಿ, ನಮ್ಮ ಬುದ್ಧಿ ನಡುವ ತರಬಾರದು” ಎಂದರು. ತಮ್ಮಲ್ಲಂತೂ ತರಲು ಬುದ್ಧಿಯೇ ಇಲ್ಲದಿರುವುದು ತಮ್ಮ ದೊಡ್ಡ ಗುಣ.

ತಮ್ಮ ಹೊಟ್ಟೆಯಿಂದ ನಾಲ್ಕು ನೂರು ಪ್ರತಿಗಳು ಹೊರಬಂದು ಖಾಸಬಾಗ, ಕ್ಯಾಂಪ್, ಹಿಂಡಲಗಾ, ಖಾನಾಪುರವೆನ್ನದೆ ಹಬ್ಬಿದವು. ಕೆಳಗೆ ಗೀಟು ಎಳೆದದ್ದೇ ಮುಖ್ಯವೆಂದು ಸಾಲೆಯಲ್ಲಿ ಕಲಿತ ಅಭ್ಯರ್ಥಿಗಳು ಗಾಲಿಯನ್ನು ಬಿಟ್ಟು ಸಾಣಿಗೆಯನ್ನು ಬಾಯಿಪಾಠ ಮಾಡಿದರು. ಮರಾಠಿಯಲ್ಲಿ ಓದುವವರು ಅದನ್ನು ಚಾಳಣಿ ಎಂದು ಶ್ರದ್ಧೆಯಿಂದ ಭಾಷಾಂತರಿಸಿಕೊಂಡರು. ಪರೀಕ್ಷೆಯಲ್ಲಿ ಉಷ್ಣದ ಪ್ರಶ್ನೆ ಬಂದದ್ದೇ ತಡ, ಎಲ್ಲರೂ ಕಾಶವ್ವನಿಂದ ಸಾಣಿಗೆ ಕೇಳಿದರು. ಹಿಂಡಿ ತಿಂದ ಎಮ್ಮೆಯ ಸಮೀಪ ರೇಡಿಯೊ ಸ್ಪಷ್ಟವಾಗಿ ಕೇಳುತ್ತದೆಂದು ಒಬ್ಬರು ಚಿತ್ರಸಹಿತ ವಿವರಿಸಿದರಂತೆ. ಪರೀಕ್ಷಕರಾದರೂ ಏನು ಮಾಡಿಯಾರು? ಮೊದಲ ಹತ್ತು ಉತ್ತರಗಳಿಗೆ ನಕ್ಕರಂತೆ. ನೂರನೆಯದಕ್ಕೆ ಬಂದಾಗ, ಇದು ತಮಗೊಬ್ಬರಿಗೇ ಗೊತ್ತಿಲ್ಲದ ಹೊಸ ಸಂಶೋಧನೆಯಿರಬೇಕೆಂದು ಅಂಜಿ ಸಾಣಿಗೆಗೆ ಎರಡು ಅಂಕ ಗೊತ್ತುಮಾಡಿದರು.

ನಾನು ಮಾತ್ರ ಗಾಲಿಯನ್ನು ಬರೆದು ಬಂದೆ. ನಿಂಗವ್ವ, ತನ್ನ ತಾಯಿಯ ಹೆಸರನ್ನು ತಾನೇ ಹೇಗೆ ಬರೆಯಲೆಂದು ನಾಚಿ ಅಷ್ಟು ಜಾಗ ಖಾಲಿ ಬಿಟ್ಟು ಬಂದಳು. ಇಬ್ಬರಿಗೂ ಎರಡೆರಡು ಅಂಕ ಕಡಿಮೆ ಬಿದ್ದವು.

ಪರೀಕ್ಷಾ ಕಚೇರಿಗೆ ಹೋಗಿ ಗೋಳಾಡಿದಾಗ ದುಂಡಪ್ಪ ಎಂಬ ಸಜ್ಜನ ಗುಮಾಸ್ತರು ಕರುಣೆಯಿಂದ ನನ್ನ ಉತ್ತರ ಪತ್ರಿಕೆ ತೆಗೆದು ತೋರಿಸಿದರು. ಗಾಲಿಯ ಪಕ್ಕದಲ್ಲಿ ಕೆಂಪು ಶಾಯಿಯಿಂದ ‘ಸಾಣಿಗೆ ಎಲ್ಲಿ?’ ಎಂದು ಬರೆದಿತ್ತು. “ಎಲ್ಲಾ ಛಂದ ಬರದೀರಿ ತಂಗಿ, ಸಾಣಿಗಿ ಒಂದ ಬಿಟ್ಟೀರಿ ನೋಡ್ರಿ” ಎಂದರು. ಅದು ನಮ್ಮ ಮನೆಯ ಸಾಣಿಗೆ ಎಂದೆ. “ನಿಮ್ಮ ಮನೀದಽ ಆದ್ರ ಮತ್ಯಾಕ ಬಿಟ್ರಿ?” ಎಂದರು.

ಇತ್ತ ಕಾಶವ್ವ ಸಾಣಿಗೆಗೆ ಕುಂಕುಮ ಹಚ್ಚಿ ಪಡಸಾಲೆಯ ಗೂಟಕ್ಕೆ ತೂಗುಹಾಕಿದ್ದಾಳೆ. ಸುತ್ತಲಿನ ಸಾಲೆಗಳವರು ಮಕ್ಕಳನ್ನು ಸಾಲುಹಿಡಿಸಿ ಕರೆತಂದು ತೋರಿಸುತ್ತಾರೆ. ಅಜ್ಜಿ ಹೋಗಿ ಕೇಳಿದರೆ “ಪರೀಕ್ಷಾಕ್ಕ ಬಂದ ಸಾಣಿಗಿ ಐತಿ, ಹಿಟ್ಟ ಸೋಸಾಕ ಹ್ಯಾಂಗ ಕೊಡ್ಲಿ?” ಎಂದು ಬಾಗಿಲು ಹಾಕಿಕೊಂಡಳು. ಅಷ್ಟರಿಂದ ನನಗೇನೂ ನೋವಿಲ್ಲ. ನೋವೆಂದರೆ ನಿಂಗವ್ವನದು: ತನ್ನ ತಾಯಿಯ ಹೆಸರನ್ನು ನಾನೇ ತಾಲೂಕಿನ ತುಂಬ ಡಂಗುರ ಹೊಡೆದೆನೆಂದು ನಂಬಿ ಅವಳು ಮಾತು ಬಿಟ್ಟಿದ್ದಾಳೆ. ಅಂಕ ಹೋದ ದಿನ ನಾನು ಅಳಲಿಲ್ಲ, ಅವಳು ರೈಲಿನಲ್ಲಿ ಬೇರೆ ಡಬ್ಬಿ ಹತ್ತಿದ ದಿನ ಅತ್ತೆ.

ಆದ್ದರಿಂದ ಪೂಜ್ಯರಾದ ತಾವು ದಯಮಾಡಿ ಹಿಡಿಕೆಯನ್ನು ನಾಲ್ಕು ನೂರು ಸಲ ಹಿಮ್ಮುಖವಾಗಿ ತಿರುಗಿಸಿಕೊಂಡು, ಹೊರಹಾಕಿದ ಶಾಯಿಯನ್ನೆಲ್ಲ ಮರಳಿ ಹೀರಿಕೊಳ್ಳಬೇಕೆಂದು ಪ್ರಾರ್ಥನೆ. ಅದು ಆಗದಿದ್ದರೆ ಸಾಣಿಗೆಯ ಮೇಲೆ ಕೈಯಿಟ್ಟು, ಕೈಯಿಲ್ಲದಿದ್ದರೆ ಹಿಡಿಕೆಯಿಟ್ಟು, ಪದ್ಮವ್ವ ನಿರ್ದೋಷಿ ಎಂದು ನಿಂಗವ್ವನ ಮುಂದೆ ಸಾಕ್ಷಿ ಹೇಳಬೇಕು. ಅದೂ ಆಗದಿದ್ದರೆ ಆ ಸಾಣಿಗೆಯದೇ ನಾಲ್ಕು ನೂರು ಪ್ರತಿ ತೆಗೆದು ಮನೆಗೊಂದರಂತೆ ಹಂಚಬೇಕು. ಒಂದನ್ನು ನಮ್ಮ ಅಜ್ಜಿಗೆ ಕೊಟ್ಟರೆ ಮನೆಯಲ್ಲಿ ಶಾಂತಿ ನೆಲೆಸೀತು. ಬರುವ ತಿಂಗಳು ಮರುಪರೀಕ್ಷೆಯಿದೆ. ಅಲ್ಲಿ ನಾನು ಕಣ್ಣಾರೆ ಕಂಡದ್ದನ್ನು ಬರೆಯಬೇಕೋ, ತಾವು ಅಚ್ಚು ಹಾಕಿದ್ದನ್ನು ಬರೆಯಬೇಕೋ ತಿಳಿಸಿದರೆ ಬಹಳ ಉಪಕಾರವಾಗುತ್ತದೆ.

ಎರಡು ಅಂಕ ಕಡಿಮೆಯಿರುವ,
ತಮ್ಮ ವಿಶ್ವಾಸಿ,
ಪದ್ಮವ್ವ

ತಾ.ಕ.: ತಮ್ಮ ಉತ್ತರದ ದಾರಿ ಕಾಯುತ್ತ ಈ ಪತ್ರ ಟಪಾಲಿಗೆ ಹಾಕುವುದೇ ತಡವಾಯಿತು, ಅಷ್ಟರಲ್ಲಿ ಮರುಪರೀಕ್ಷೆ ಮುಗಿದು ಫಲಿತಾಂಶವೂ ಬಂತು. ಈ ಸಲ ಮೊದಲನೆಯ ಪ್ರಶ್ನೆಯೇ ‘ಸಾಣಿಗೆಯ ಉಪಯೋಗವನ್ನು ಒಂದು ವಾಕ್ಯದಲ್ಲಿ ಬರೆಯಿರಿ’ ಎಂದಿತ್ತು. ಮಾದರಿ ಉತ್ತರದ ಪ್ರಕಾರ ಸಾಣಿಗೆ ಇರುವುದು ಕಾಶವ್ವನಿಂದ ಕೇಳುವುದಕ್ಕೆ. ‘ಹಿಟ್ಟು ಸೋಸುವುದು’ ಎಂದು ಬರೆದವರು ಇಡೀ ಕೇಂದ್ರದಲ್ಲಿ ಇಬ್ಬರೇ. ಆ ಸಾಣಿಗೆಯನ್ನು ಕೈಯಲ್ಲಿ ಹಿಡಿದು ಬಲ್ಲವರೂ ನಾವಿಬ್ಬರೇ. ಇಬ್ಬರೂ ನಪಾಸಾಗಿದ್ದೇವೆ. ಫಲಿತಾಂಶ ನೋಡಿ ಮರಳುವಾಗ ರೈಲಿನಲ್ಲಿ ನಿಂಗವ್ವ ನನ್ನ ಡಬ್ಬಿಗೇ ಹತ್ತಿ, “ಸರಿ ಅತ್ತಾಗ” ಎಂದು ಬಾಜೂಕ್ಕೆ ಕುಳಿತು ಬುತ್ತಿ ಬಿಚ್ಚಿದಳು. ಸಂಜೆ ಅವಳೇ ಗೂಟದಿಂದ ಸಾಣಿಗೆ ಇಳಿಸಿ, ಕುಂಕುಮ ತೊಳೆದು ತಂದುಕೊಟ್ಟಳು. ಅಜ್ಜಿ ಹೇಳಿದಂತೆ ಹೊಸ ವಹಿಯ ಮೊದಲ ಹಾಳೆಯಲ್ಲಿ “ಸಾಣಿಗಿ ಬಂತು” ಎಂದು ಬರೆದು ಕೆಂಪು ಗೀಟು ಹೊಡೆದಿದ್ದೇನೆ. ಬಸಲಿಂಗಪ್ಪ ಮಾಸ್ತರರು ಆಗಲೇ ಎರಡು ಸಲ ಬಂದು ಕೇಳಿ ಹೋಗಿದ್ದಾರೆ; ಈ ವಹಿ ತಮಗೆ ಸಿಗುವುದಿಲ್ಲ.