ಮೊಳೆಯಿಲ್ಲದ ಕಿಟಕಿ

ಸ್ವಂತ ಮನೆ ಕಟ್ಟಿಸುವ ಯೋಗ ಬಂದಾಗ ಬರಲಿ, ಅದರ ಅಲಂಕಾರವನ್ನಂತೂ ಈಗಲೇ ಮುಗಿಸಿಬಿಡುತ್ತೇನೆ ಎಂದು ನಾನು ಹೆಂಡತಿಯ ಮುಂದೆ ಎದೆಯುಬ್ಬಿಸಿ ಸಾರಿಬಿಟ್ಟಿದ್ದೆ. ಲೋಕದ ಜನರೆಲ್ಲ ಮೊದಲು ಸೈಟು ಕೊಳ್ಳುತ್ತಾರೆ, ಪಾಯ ತೆಗೆಸುತ್ತಾರೆ, ಗೋಡೆ ಎಬ್ಬಿಸುತ್ತಾರೆ, ಕೊನೆಗೆ ಸುಸ್ತಾಗಿ ಹಾಲಿನಲ್ಲಿ ಒಂದು ಗಡಿಯಾರ ನೇತುಹಾಕಿ ಅಲಂಕಾರ ಆಯ್ತು ಅನ್ನುತ್ತಾರೆ. ನಾನು ಆ ಜಾತಿಯವನಲ್ಲ. ನನ್ನ ಕನಸಿನ ಮನೆಗೆ ಸೈಟೂ ಇರಲಿಲ್ಲ, ಪಾಯವೂ ಇರಲಿಲ್ಲ. ಆದರೆ ಅದರ ಬಚ್ಚಲುಮನೆಯ ಗೋಡೆಯ ಮೇಲೆ ಈಜಬೇಕಾದ ಮೀನುಗಳ ಬಣ್ಣ ಕೂಡ ನಿಕ್ಕಿಯಾಗಿತ್ತು.

"ಮೀನು ಈಜೋದು ಆಮೇಲಿರಲಿ, ಈಗಿರೋ ಬಚ್ಚಲಲ್ಲಿ ಜಿರಳೆ ಈಜ್ತಿದೆ, ಅದನ್ನ ನೋಡಿ" ಎಂದಳು ಹೆಂಡತಿ.

ನಾನಿರುವುದು ಕನ್ನಡಕದ ಅಂಗಡಿಯಲ್ಲಿ. ಗಾಜು ಅರೆದು ಫ್ರೇಮಿಗೆ ಕೂರಿಸುವುದು ನನ್ನ ಕೆಲಸ. ಅಲ್ಲಿ ಕಾಯುವ ಗಿರಾಕಿಗಳಿಗೆಂದು ಬಣ್ಣಬಣ್ಣದ ಗೃಹಾಲಂಕಾರದ ಪತ್ರಿಕೆಗಳನ್ನು ಇಟ್ಟಿದ್ದಾರೆ. ಕಣ್ಣಿಗೆ ಹನಿ ಹಾಕಿಸಿಕೊಂಡು ಕೂತವರಿಗೆ ಎದುರಿಗಿರುವ ಹೆಂಡತಿಯೇ ಮಸುಕು ಮಸುಕಾಗಿ ಕಾಣುವಾಗ ಪತ್ರಿಕೆ ಏನು ಕಂಡೀತು? ಹೀಗಾಗಿ ಅವುಗಳ ಏಕೈಕ ಓದುಗ ನಾನೇ. ಆಕಾಶದ ಮೋಡ ಬಿಡಿಸಿದ ಚಾವಣಿ, ಪ್ರತಿ ಮೆಟ್ಟಿಲಿಗೂ ಒಂದು ಡ್ರಾಯರು ಇರುವ ಏಣಿಮೆಟ್ಟಿಲು, ಕುರ್ಚಿಯ ಬದಲು ಉಯ್ಯಾಲೆ ಕಟ್ಟಿದ ಊಟದ ಮೇಜು, ಎಲ್ಲ ನನ್ನ ತಲೆಗೆ ಬಂದದ್ದು ಅಲ್ಲಿಂದಲೇ.

ಸಂಜೆ ಟೀ ಕುಡಿಯುತ್ತ ನಾವಿಬ್ಬರೂ ಆ ಮನೆಯಲ್ಲಿ ಓಡಾಡಿ ಬರುತ್ತಿದ್ದೆವು. ಸುಳ್ಳೇಕೆ, ದಿನದಲ್ಲಿ ನನಗೆ ತುಂಬ ಇಷ್ಟವಾಗುತ್ತಿದ್ದ ಹೊತ್ತು ಅದು. ಯಾರ ಅಪ್ಪಣೆಯೂ ಬೇಡದೆ ಗೋಡೆ ಒಡೆಯಬಹುದಿತ್ತು, ಬಣ್ಣ ಬಳಿಯಬಹುದಿತ್ತು.

"ಉಯ್ಯಾಲೆ ಮೇಲೆ ಕೂತು ಊಟ ಮಾಡಿದ್ರೆ ನೀರಿನ ಲೋಟ ಯಾರ ಮಡಿಲಿಗೆ ಬೀಳುತ್ತೆ?"

"ಕಲಾದೃಷ್ಟಿ ಬೆಳೆಸ್ಕೋ ಕಣೇ. ನಿಂಗೇನು ಬೇಕು ಹೇಳು."

"ಅಡುಗೆಮನೆಗೆ ಒಂದು ಕಿಟಕಿ ಇರ್ಲಿ."

"ಅದು ಇದ್ದೇ ಇರುತ್ತೆ ಬಿಡು. ಈಗ ಚಾವಣಿ ವಿಷಯಕ್ಕೆ ಬರೋಣ."

ಪ್ರತಿ ಸಂಜೆಯೂ ಅವಳು ಅದೊಂದನ್ನೇ ಕೇಳುತ್ತಿದ್ದಳು. ಪ್ರತಿ ಸಂಜೆಯೂ ನಾನು ಚಾವಣಿಗೆ ಏರಿಬಿಡುತ್ತಿದ್ದೆ.

ನಮ್ಮ ಬಾಡಿಗೆ ಮನೆಯ ಬಗ್ಗೆ ಎರಡು ಮಾತು ಹೇಳಲೇಬೇಕು. ಅದು ಥೇಟ್ ರೈಲು ಡಬ್ಬಿ. ಮುಂಬಾಗಿಲು, ಹಾಲು, ಅಡುಗೆಮನೆ ಮೂರೂ ಒಂದೇ ಗೆರೆಯಲ್ಲಿ. ಆ ಗೆರೆ ಮುಗಿಯುವ ಗೋಡೆಯ ಮುಂದೆ ಸಿಂಕು, ಗೋಡೆಯ ಆಚೆ ಬದಿ ನಮ್ಮ ಓನರ್ ಮಲಗುವ ಕೋಣೆ. ಹೆಂಡತಿ ಪಾತ್ರೆ ತೊಳೆಯಲು ನಿಂತರೆ ಮೂಗಿನ ಮುಂದೆ ಒಂದು ಮೊಳ ದೂರದಲ್ಲಿ ಗೋಡೆ. ಊರಿಗೆಲ್ಲ ದೂರದೃಷ್ಟಿ ಹಂಚುವವನ ಹೆಂಡತಿಯ ದೃಷ್ಟಿ ಅಲ್ಲಿಗೇ ನಿಂತುಹೋಗಿತ್ತು. ನಾನು ಕೆಲಸ ಮುಗಿಸಿ ಬಂದು ಬಾಗಿಲಲ್ಲಿ ನಿಂತರೆ ಕಾಣುವುದು ಅವಳ ಬೆನ್ನು. "ಟೀ ಆಯ್ತಾ?" ಎಂದರೆ ಬೆಚ್ಚಿಬಿದ್ದು ಕೈಯಲ್ಲಿದ್ದ ಪಾತ್ರೆ ಸಿಂಕಿಗೆ ಬೀಳಿಸುತ್ತಿದ್ದಳು.

ಎರಡನೆಯ ಮಾತು ಮೊಳೆಯದು. ಓನರಿಗೆ ಇದ್ದದ್ದು ಒಂದೇ ಕಾನೂನು. "ಈ ಗೋಡೆಗೆ ಮೊಳೆ ಹೊಡೆದ್ರೆ ನನ್ನ ಎದೆಗೆ ಹೊಡೆದ ಹಾಗೆ" ಎಂದು ಬಂದ ದಿನವೇ ಎದೆ ಮುಟ್ಟಿ ಹೇಳಿದ್ದರು. ಅವರ ಎದೆಯ ಮೇಲಿನ ಗೌರವದಿಂದ ನಮ್ಮ ಕ್ಯಾಲೆಂಡರು ಕುರ್ಚಿಯ ಮೇಲೆ ಕೂತಿತ್ತು. ಮದುವೆಯ ಫೋಟೋ ಬೀರುವಿಗೆ ಒರಗಿತ್ತು. ಗಡಿಯಾರ ಫ್ರಿಜ್ಜಿನ ಮೇಲೆ ಅಂಗಾತ ಮಲಗಿತ್ತು. ಟೈಮು ನೋಡಬೇಕಾದರೆ ಸ್ಟೂಲು ಹತ್ತಿ ಬಗ್ಗಬೇಕು.

ಒಂದು ಸಂಜೆ ನಾನು ಕನಸಿನ ಮನೆಯ ಕರೆಗಂಟೆಯ ಸ್ವರ ವಿವರಿಸುತ್ತಿದ್ದಾಗ ಅವಳು ಲೋಟ ಕೆಳಗಿಟ್ಟು, "ನಂಗೆ ಮೋಡ ಬೇಡ, ಮೀನೂ ಬೇಡ. ಆ ಕಿಟಕಿ ಒಂದು ಇದ್ದಿದ್ರೆ..." ಎಂದು ಅರ್ಧಕ್ಕೇ ನಿಲ್ಲಿಸಿ ಎದ್ದುಹೋದಳು. ಆ ಅರ್ಧ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಸರಿ, ಸ್ವಂತ ಮನೆಯ ತನಕ ಯಾಕೆ ಕಾಯಬೇಕು? ಈ ಮನೆಯಲ್ಲೇ, ಈ ಗೋಡೆಗೇ, ಒಂದೇ ಒಂದು ಮೊಳೆ ಹೊಡೆಯದೆ ಕಿಟಕಿ ಇಟ್ಟು ತೋರಿಸುತ್ತೇನೆ ಎಂದು ಪಣ ತೊಟ್ಟೆ.

ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ನನ್ನ ಗೆಳೆಯನಿಗೆ ಹೇಳಿದೆ. ಅವನನ್ನು ನಾವೆಲ್ಲ ಮೈನಸ್ ಅಂತಲೇ ಕರೆಯುವುದು. ನಂಬರು ಬರೆಯುವಾಗಲೂ ಮಾತಾಡುವಾಗಲೂ ಅವನಿಗೆ ಬರುವುದು ಅದೊಂದೇ.

"ನಿಲ್ಲಲ್ಲ" ಎಂದ.

"ಯಾಕೆ ನಿಲ್ಲಲ್ಲ?"

"ನಿಂತ್ರೂ ಬೀಳುತ್ತೆ."

ಅವನ ಕೋಣೆಯ ಮೂಲೆಯಲ್ಲಿ ಅಂಗಡಿಯ ಹಳೇ ಕನ್ನಡಿಯೊಂದು ಗೋಡೆಗೆ ಮುಖ ಮಾಡಿ ನಿಂತಿತ್ತು. ಅಂಚಿನಲ್ಲಿ ಕಲೆ ಬಂದು, ಗಿರಾಕಿಗಳು ತಮ್ಮ ಕೆನ್ನೆಗೇ ಏನೋ ಆಯಿತೆಂದು ಗಾಬರಿಯಾಗುತ್ತಿದ್ದರು ಅಂತ ತೆಗೆದಿಟ್ಟಿದ್ದರು. ಇವನ ಪಕ್ಕದಲ್ಲಿದ್ದರೆ ಕನ್ನಡಿಯೂ ಮುಖ ತಿರುಗಿಸುತ್ತದೆ ಎಂದು ಬೈದುಕೊಂಡು ಹೊರಟೆ.

ಕೆಡವಿದ ಮನೆಗಳ ಮರ ಮಾರುವ ಅಂಗಡಿಯಲ್ಲಿ ನನ್ನ ಕಿಟಕಿ ಸಿಕ್ಕಿತು. ಎರಡು ಬಾಗಿಲು, ನಾಲ್ಕು ಸರಳು, ಒಂದು ಹಿತ್ತಾಳೆ ಚಿಲಕ. ಆಟೋದಲ್ಲಿ ಅಡ್ಡ ಇಟ್ಟುಕೊಂಡು ಕೂತೆ. ಸರ್ಕಲ್ಲಿನಲ್ಲಿ ಆಟೋದವನು ಹಿಂದೆ ತಿರುಗಿ, ಗಂಭೀರವಾಗಿ ಕಿಟಕಿಯ ಒಂದು ಬಾಗಿಲು ತೆರೆದು, "ಎಡಕ್ಕೋ ಬಲಕ್ಕೋ?" ಎಂದು ಕೇಳಿ ಮತ್ತೆ ಮುಚ್ಚಿದ.

ಹೆಂಡತಿ ಅವಳ ಅಕ್ಕನ ಮನೆಗೆ ಹೋಗಿದ್ದಳು. ಕಿಟಕಿಯನ್ನು ಸಿಂಕಿನ ಹಿಂದಿನ ಕಟ್ಟೆಯ ಮೇಲೆ ನಿಲ್ಲಿಸಿ, ಅದರ ತಲೆಗೂ ಮೇಲಿನ ಕಲ್ಲಿನ ಅಟ್ಟಕ್ಕೂ ನಡುವೆ ಲೆನ್ಸಿನ ಡಬ್ಬಿಗಳ ರಟ್ಟು ಮಡಚಿ ತುರುಕಿದೆ. ಅಲುಗಾಡಿಸಿದೆ, ಅಲುಗಲಿಲ್ಲ. ಸರಳುಗಳ ಹಿಂದೆ ಅಂಗಡಿಯಿಂದ ಬೇಡಿ ತಂದ ಜಲಪಾತದ ದೊಡ್ಡ ಚಿತ್ರ, ಅದರ ಹಿಂದೆ ಬ್ಯಾಟರಿಯ ಪುಟ್ಟ ಬಲ್ಬುಗಳ ಸರ. ಹೊತ್ತಿಸಿದರೆ ಬೆಳಗಾಯಿತು! ಅರಮನೆ ಕಟ್ಟಿಸಿದ ರಾಜರೆಲ್ಲ ಇಷ್ಟು ಬೀಗಿರಲಾರರು.

ಹೆಂಡತಿ ಬಂದೊಡನೆ ಕಣ್ಣು ಮುಚ್ಚಿ ಕರೆದುಕೊಂಡು ಹೋಗಿ ಕೈ ತೆಗೆದೆ. ಅವಳು ಚಿಲಕ ಸರಿಸಿದಳು, ಬಾಗಿಲು ಮುಚ್ಚಿ ತೆರೆದಳು, ಸರಳು ಹಿಡಿದು ನಿಂತಳು. ಮುಖ ಅರಳಿತ್ತು. ಆಮೇಲೆ ಯಾಕೋ ಮೆಲ್ಲಗೆ ಮಂಕಾಯಿತು.

"ಚೆನ್ನಾಗಿದೆ ರೀ."

ಮದುವೆಯಾದವರಿಗೆ ಗೊತ್ತು, ಈ "ಚೆನ್ನಾಗಿದೆ"ಯಲ್ಲಿ ಏನೋ ಕೊರತೆಯಿದೆ ಅಂತ.

"ಜಲಪಾತ ಬೇಡ್ವಾ? ಸಮುದ್ರ ಹಾಕ್ಲಾ? ಹಿಮದ ಬೆಟ್ಟ?"

"ಏನು ಹಾಕಿದ್ರೂ ಅಲ್ಲಿಂದ ಯಾರೂ ಬರಲ್ವಲ್ಲ."

"ಜಲಪಾತದಿಂದ ಯಾರು ಬರಬೇಕು ನಿಂಗೆ?"

ಅವಳು ಉತ್ತರ ಹೇಳುವ ಮೊದಲೇ ಮುಂಬಾಗಿಲಿನಿಂದ ಒಂದು ಚೀತ್ಕಾರ ಕೇಳಿತು. ನಾಳೆ ಟ್ಯಾಂಕು ತೊಳೆಸುವ ಸುದ್ದಿ ಹೇಳಲು ಬಂದ ಓನರು ಹೊಸ್ತಿಲಲ್ಲೇ ಕಲ್ಲಾಗಿದ್ದರು. ನಮ್ಮದು ರೈಲು ಡಬ್ಬಿಯಲ್ಲವೇ, ಹೊಸ್ತಿಲಿನಿಂದಲೇ ಅವರಿಗೆ ಎಲ್ಲ ಕಂಡಿತ್ತು: ತಮ್ಮ ಗೋಡೆ, ಗೋಡೆಯಲ್ಲಿ ಕಿಟಕಿ, ಕಿಟಕಿಯಾಚೆ ಬೆಳಕು.

"ಮೊಳೆ ಹೊಡೀಬೇಡಿ ಅಂದ್ರೆ ಗೋಡೇನೇ ಕೊರೆದುಬಿಟ್ರಾ? ಅದೂ ನಾನು ಮಲಗೋ ಕೋಣೆಗೆ?"

"ಸಾರ್, ಅದು ಬರೀ ಚಿತ್ರ, ಒಳಗೆ ಬಂದು ನೋಡಿ."

"ಒಳಗೆ ಬೇರೆ ಬರ್ಬೇಕಾ? ನಾನು ಆ ಕಡೆಯಿಂದಲೇ ನೋಡ್ತೀನಿ!" ಎಂದು ಪಂಚೆ ಎತ್ತಿಕಟ್ಟಿ ತಮ್ಮ ಮನೆಗೆ ಓಡಿದರು.

ಗೋಡೆಯಾಚೆ ಭಾರವಾದದ್ದೇನೋ ಎಳೆಯುವ ಸದ್ದಾಯಿತು. ಆ ಬದಿ ಗೋಡೆಗೆ ಅವರ ಕಬ್ಬಿಣದ ಬೀರು ನಿಂತಿದೆ. ಅದರ ಹಿಂದೆ ತೂತು ಹುಡುಕುತ್ತಿದ್ದಾರೆ ಎಂದು ಅರ್ಥವಾಯಿತು. "ತೂತಿಲ್ಲ ಸಾರ್!" ಎಂದು ಗೋಡೆಗೆ ಬಾಯಿಟ್ಟು ಕೂಗಿದೆ. "ಈಗ ಸಿಗುತ್ತೆ!" ಎಂದು ಗೋಡೆ ಉತ್ತರಿಸಿತು. ಒಮ್ಮೆ ಎಳೆದರು, ಇನ್ನೊಮ್ಮೆ ಎಳೆದರು, ಮೂರನೆಯ ಸಲ ಬೀರು ವಾಲಿ ಗೋಡೆಗೆ ಢಿಕ್ಕಿ ಹೊಡೆಯಿತು. ನನ್ನ ರಟ್ಟುಗಳು ಉದುರಿದವು. ಕಿಟಕಿ ಒಂದು ಕ್ಷಣ ಯೋಚಿಸಿ, ಮುಂದಕ್ಕೆ ಬಗ್ಗಿ, ನೇರವಾಗಿ ನಲ್ಲಿಯ ಕತ್ತಿನ ಮೇಲೆ ಬಿತ್ತು.

ಆಮೇಲೆ ಕಂಡದ್ದು ನಿಜವಾದ ಜಲಪಾತ.

ನಲ್ಲಿಯ ತಲೆ ಎಲ್ಲಿ ಹಾರಿತೋ ದೇವರಿಗೇ ಗೊತ್ತು. ನೀರು ಅಟ್ಟಕ್ಕೆ ಬಡಿದು ನಮ್ಮಿಬ್ಬರಿಗೂ ಅಭಿಷೇಕ ಮಾಡಿ ಹಾಲಿನ ಕಡೆ ಪ್ರವಾಸ ಹೊರಟಿತು. ಹೆಂಡತಿ ಅಂಗೈಯಿಂದ ಪೈಪು ಒತ್ತಿದಳು. ನೀರು ಅವಳ ಬೆರಳುಗಳ ಸಂದಿಯಿಂದ ನನ್ನ ಕಿವಿಗೆ ನುಗ್ಗಿತು. ತೂತು ಸಿಗದ ಓನರು ಅದೇ ಹೊತ್ತಿಗೆ ವಾಪಸು ಬಂದು ನೀರಿನಲ್ಲಿ ಜಾರಿ, ಹಾಲಿನಿಂದ ಅಡುಗೆಮನೆಗೆ ಕೂತುಕೊಂಡೇ ಬಂದು ಸೇರಿದರು.

"ವಾಲ್ವ್ ಮುಚ್ರೀ! ತಾರಸಿ ಬಾಗಿಲ ಕೀಲಿ ನಮ್ಮ ಮಲಗೋ ಕೋಣೇಲಿದೆ, ಮೊಳೆಗೆ ನೇತುಹಾಕಿದೀನಿ!"

ನಾನು ಓಡಿದೆ. ಅವರ ಕೋಣೆಯ ಬಾಗಿಲಲ್ಲಿ ನನ್ನ ಕಾಲು ತಾನಾಗಿ ನಿಂತಿತು. ಮೊಳೆ ಅಂದರೆ ಯಾವ ಮೊಳೆ? ಆ ಗೋಡೆಯ ತುಂಬ ಮೊಳೆಗಳು. ಅಂಗಿಗೊಂದು, ಛತ್ರಿಗೊಂದು, ಚೀಲಕ್ಕೊಂದು, ಹಳೇ ಕ್ಯಾಲೆಂಡರಿಗೊಂದು, ಏನೂ ಇಲ್ಲದೆ ಸುಮ್ಮನೆ ಇರಲಿ ಅಂತ ಇನ್ನಷ್ಟು. ಬೀರು ಸರಿದ ಜಾಗದಲ್ಲೂ ಒಂದು ಸಾಲು. ನಮ್ಮ ಸಿಂಕಿನ ಹಿಂದಿನ ಅದೇ ಗೋಡೆ! ಛತ್ರಿಯ ಪಕ್ಕ ಕೀಲಿ ಸಿಕ್ಕಿತು, ತಾರಸಿಗೆ ಓಡಿ ವಾಲ್ವ್ ಮುಚ್ಚಿದೆ, ನೀರು ನಿಂತಿತು.

ಇಳಿದು ಬಂದಾಗ ಓನರು ಸ್ಟೂಲಿನ ಮೇಲೆ ಒದ್ದೆಯಾಗಿ ಕೂತಿದ್ದರು. ಹೆಂಡತಿ ಅವರಿಗೆ ಟವೆಲು ಕೊಡುತ್ತಿದ್ದಳು. ಕಂಡದ್ದನ್ನು ನಾನು ಹೇಳಿದೆ. ಅವರು ಟವೆಲಿನಲ್ಲಿ ಮುಖ ಒರೆಸಿಕೊಳ್ಳಲು ಬೇಕಾದದ್ದಕ್ಕಿಂತ ಜಾಸ್ತಿ ಹೊತ್ತು ತಗೊಂಡರು.

"ಸಾರ್" ಎಂದಳು ಹೆಂಡತಿ, ಬೆಣ್ಣೆಯಂಥ ದನಿಯಲ್ಲಿ, "ನಿಮ್ಮ ಎದೆ ಆ ಕಡೆಯಿಂದ ಅಷ್ಟೊಂದು ತಡ್ಕೊಂಡಿದೆ. ಈ ಕಡೆಯಿಂದ ಒಂದು ನಾಲ್ಕು ತಡ್ಕೊಳಲ್ವಾ?"

"ನಾಲ್ಕೇ" ಎಂದರು ಟವೆಲಿನ ಒಳಗಿನಿಂದ. "ನಾನೇ ಹೊಡೀತೀನಿ. ನಿಮ್ಮ ಯಜಮಾನ್ರ ಕೈಗೆ ಸುತ್ತಿಗೆ ಕೊಡಬೇಡಿ."

ಅವರು ಹೋದ ಮೇಲೆ ನಾವಿಬ್ಬರೂ ಬಟ್ಟೆ ಅದ್ದಿ ಹಿಂಡಿ ನೆಲ ಒರೆಸಿದೆವು. ಜಲಪಾತ ಮುದ್ದೆಯಾಗಿ ಸಿಂಕಿನಲ್ಲಿ ಬಿದ್ದಿತ್ತು. ಹೆಂಡತಿಗೆ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಗೋಡೆಗೆ ಒರಗಿ ಕೂತಳು. ಆಮೇಲೆ, ನಾನು ಮೊದಲೇ ಕೇಳಬೇಕಾಗಿದ್ದನ್ನು, ಕೇಳದೆಯೇ ಹೇಳಿದಳು.

"ನಮ್ಮಮ್ಮನ ಅಡುಗೆಮನೆ ಕಿಟಕೀಲಿ ರಸ್ತೆ ತಿರುವು ಕಾಣ್ತಿತ್ತು. ಅಪ್ಪ ತಿರುವಲ್ಲಿ ಕಂಡ ತಕ್ಷಣ ಅಮ್ಮ ಟೀಗೆ ನೀರಿಡೋಳು. ಅಪ್ಪ ಚಪ್ಪಲಿ ಬಿಡೋ ಹೊತ್ತಿಗೆ ಕುದೀತಿರೋದು. ದಿನಾ ನೋಡಿದ್ರೂ ಯಾರೋ ದೂರದೂರಿಂದ ಬಂದ ಹಾಗೆ ಅಮ್ಮನ ಮುಖ ಆಗೋದು. ನಂಗೂ ಅಷ್ಟೇ ಬೇಕಾಗಿತ್ತು. ನೀವು ಬರೋದು ಕಾಣ್ಬೇಕು. ಇಲ್ಲಿ ನೀವು ಬರೋದೇ ಗೊತ್ತಾಗಲ್ಲ, ಹಿಂದಿನಿಂದ ಬಂದು ಬೆಚ್ಚಿಬೀಳಿಸ್ತೀರಿ."

ನಾನು ಹಿಂಡುತ್ತಿದ್ದ ಬಟ್ಟೆ ಕೈಯಲ್ಲೇ ಉಳಿಯಿತು. ಮೋಡ, ಮೀನು, ಉಯ್ಯಾಲೆ ಎಂದು ಇಡೀ ಮನೆ ಸುತ್ತಿದ್ದೆ. ಇವಳು ಆ ಮನೆಯಲ್ಲಿ ಬಯಸಿದ್ದ ಅಲಂಕಾರ ನಾನೇ ಅಂತ ತಿಳಿದಾಗ ನಾಚಿಕೆಯಾಯಿತು.

"ಆದ್ರೆ ಈ ಗೋಡೆಯಾಚೆ ಕಾಣೋದು ಓನರ್ ಛತ್ರಿ ಮಾತ್ರ ಕಣೇ" ಎಂದೆ.

"ಆಚೆ ಕಾಣೋದು ಯಾರಿಗೆ ಬೇಕು? ನಿಮ್ಮ ಅಂಗಡೀಲಿ ಯಾವುದೋ ಕಲೆ ಬಿದ್ದ ಕನ್ನಡಿ ಮೂಲೇಲಿದೆ ಅಂತಿದ್ರಲ್ಲ, ಅದನ್ನ ಕೇಳಿ ತನ್ನಿ."

ಮರುದಿನ ಮೈನಸ್, "ಅದ್ರಲ್ಲಿ ಏನೂ ಕಾಣಲ್ಲ" ಎಂದು ಕನ್ನಡಿ ಕೊಟ್ಟ. ಅದನ್ನು ಸರಳುಗಳ ಹಿಂದೆ ಕೂರಿಸಿದೆ. ಓನರು ಬಾಯಲ್ಲಿ ಮೊಳೆ ಕಚ್ಚಿಕೊಂಡು ಬಂದು, ಎದೆಯ ಮೇಲೊಮ್ಮೆ ಕೈಯಿಟ್ಟು, ನಾಲ್ಕೂ ಹೊಡೆದು ಹೋದರು. ಹೆಂಡತಿ ಸಿಂಕಿನ ಮುಂದೆ ನಿಂತಳು. ಕಿಟಕಿಯಲ್ಲಿ ಹಾಲು ಕಂಡಿತು, ಹಾಲಿನಾಚೆ ಮುಂಬಾಗಿಲು, ಬಾಗಿಲಿನಾಚೆ ಗೇಟು, ಗೇಟಿನಾಚೆ ಒಂದು ಚೂರು ರಸ್ತೆ. ರೈಲು ಡಬ್ಬಿಯಾದದ್ದೂ ಒಳ್ಳೆಯದೇ ಆಯಿತು.

ಅದರ ಮಾರನೆಯ ಸಂಜೆ ಮನೆಗೆ ಬರುವಾಗ, ಹಳೇ ಮರದ ಅಂಗಡಿಯ ಮುಂದೆ ನನ್ನ ಕಾಲು ನಿಂತದ್ದು ನಿಜ. ಹಡಗಿನದೆಂದು ಅಂಗಡಿಯವನು ಆಣೆ ಮಾಡಿದ ಒಂದು ದುಂಡು ಕಿಟಕಿ ಅಲ್ಲಿತ್ತು. ಬಚ್ಚಲುಮನೆಗೆ, ಆ ಮೀನುಗಳ ಜೊತೆಗೆ, ಎಷ್ಟು ಒಪ್ಪುತ್ತದೆ! ಕಾಗದ ಸುತ್ತಿಸಿಕೊಂಡು, ಗೇಟಿನ ಬಳಿ ಬಂದ ಮೇಲೆ ಬೆನ್ನ ಹಿಂದೆ ಸರಿಸಿ, ಸದ್ದಾಗದಂತೆ ಗೇಟು ತೆರೆದೆ. ಚಪ್ಪಲಿ ಬಿಟ್ಟೆ. ಒಳಗೆ ಟೀ ಕುದಿಯುವ ವಾಸನೆ ಆಗಲೇ ಮುಂಬಾಗಿಲ ತನಕ ಬಂದಿತ್ತು.

ಹೊಸ್ತಿಲಲ್ಲಿ ನಿಂತು ನೋಡಿದೆ. ಅವಳು ಎಂದಿನಂತೆ ನನಗೆ ಬೆನ್ನು ಮಾಡಿ ಸಿಂಕಿನ ಮುಂದೆ ನಿಂತಿದ್ದಳು. ಆದರೆ ಅವಳ ಬೆನ್ನಿನಾಚೆ, ನಾಲ್ಕು ಸರಳುಗಳ ಹಿಂದೆ, ಅವಳ ಮುಖ ನನ್ನನ್ನೇ ನೋಡುತ್ತಿತ್ತು. ಯಾರೋ ದೂರದೂರಿನಿಂದ ಬಂದ ಹಾಗೆ. ಇಷ್ಟು ವರ್ಷ ಬಾಗಿಲಲ್ಲಿ ನಿಂತು ಬೆನ್ನನ್ನೇ ನೋಡಿದವನು ನಾನು. ಆ ಮುಖ ನೋಡುತ್ತ ಸ್ವಂತ ಮನೆ, ಸೈಟು, ಚಾವಣಿ ಎಲ್ಲ ಮರೆತು ನಿಂತುಬಿಟ್ಟೆ.

ಅವಳು ತಿರುಗಲೂ ಇಲ್ಲ. ಕಿಟಕಿಯಲ್ಲೇ ನಗುತ್ತ ಹೇಳಿದಳು.

"ಟೀ ಆಗಿದೆ, ಬನ್ನಿ. ಬೆನ್ನ ಹಿಂದಿರೋ ಆ ದುಂಡಂದನ್ನ ಗೇಟಿನ ಹೊರಗಿಟ್ಟು ಬನ್ನಿ."