ಸುಶೀಲೆಯ ಫ್ರೆಂಚ್ ಊಟ

ದುಃಖದಲ್ಲಿರುವವರಿಗೆ ಸಮಾಧಾನ ಹೇಳುವ ವಿದ್ಯೆ ನನಗೆ ಒಲಿದಿಲ್ಲ. ಸಾವಿನ ಮನೆಗೆ ಹೋದರೆ ಕೈ ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯದೆ ಚಡಪಡಿಸಿ, ಹೊರಡುವಾಗ ಬಾಯಿತಪ್ಪಿ "ಬರ್ತೀನಿ" ಅಂದು ಬೈಸಿಕೊಂಡವನು ನಾನು. ಅಂಥವನ ಹೆಂಡತಿಗೇ ಕಷ್ಟ ಬಂತು. ಅರಸೀಕೆರೆಯ ನಮ್ಮ ಬೀದಿಯಲ್ಲಿ ಯಾರ ಮನೆಯ ಒಗ್ಗರಣೆ ಸೀದರೂ ನಮ್ಮ ಅಡುಗೆಮನೆಯಲ್ಲಿ ನಿಂತೇ ಹೇಳುತ್ತಿದ್ದ ಸುಶೀಲೆಗೆ ಒಂದು ಜ್ವರ ಬಂದು ಹೋಯಿತು. ಹೋಗುವಾಗ ವಾಸನೆ, ರುಚಿ ಎರಡನ್ನೂ ಕೊಂಡೊಯ್ದಿತು. "ಅನ್ನ ತಿಂದ್ರೆ ಹತ್ತಿ ಅಗಿದ ಹಾಗಾಗುತ್ತೆ ಕಣ್ರೀ" ಎಂದು ತಟ್ಟೆ ಸರಿಸುತ್ತಿದ್ದಳು. ತಿಂಗಳುಗಳು ಕಳೆದವು, ಬಳೆಗಳು ಮೊಳಕೈವರೆಗೂ ಜಾರತೊಡಗಿದವು. ಡಾಕ್ಟರು "ಬರುತ್ತೆ, ಕಾಯಬೇಕು" ಅಂದರು, ಬಸ್‌ಸ್ಟ್ಯಾಂಡಿನ ವಿಚಾರಣೆ ಕಿಟಕಿಯಲ್ಲಿ ಕೂತವರ ಹಾಗೆ.

ಆಫೀಸಿನ ಸಿದ್ದಪ್ಪ ದಾರಿ ತೋರಿಸಿದ. "ಬೇಲೂರತ್ರ ದೊಡ್ಡ ರೆಸಾರ್ಟ್ ಆಗೈತೆ ಸಾರ್. ಫ್ರೆಂಚ್ ಊಟವಂತೆ. ಯಾವತ್ತೂ ತಿನ್ನದೇ ಇರೋದು ತಿಂದ್ರೆ ನಾಲಿಗೆ ಬೆಚ್ಚಿಬಿದ್ದು ಎದ್ದೇಳ್ತದೆ." ದಿಕ್ಕು ತೋಚದವನು ಸಿದ್ದಪ್ಪನನ್ನೂ ನಂಬುತ್ತಾನೆ. ಒಂದು ಭಾನುವಾರ ಇಬ್ಬರೂ ಹೊರಟೆವು. ಹಳೇಬೀಡಿನಲ್ಲಿ ಬಸ್ಸು ನಿಂತಾಗ ಕಿಟಕಿಯ ಬಳಿ ಉಪ್ಪುಖಾರ ಸವರಿದ ಸೌತೆಕಾಯಿ ಬಂತು. ಮೊದಲಾಗಿದ್ದರೆ ಬಿಡುವವಳಲ್ಲ. ಅವತ್ತು ಮುಖ ತಿರುಗಿಸಿಕೊಂಡಳು.

ರೆಸಾರ್ಟಿನ ಊಟದ ಕೋಣೆಯಲ್ಲಿ ಆಸ್ಪತ್ರೆಯಂಥ ನಿಶ್ಶಬ್ದ. ಮಡಿಸಿಟ್ಟ ಬಿಳಿ ಬಟ್ಟೆಯನ್ನು ನಾನು ಹೆಗಲಿಗೆ ಹಾಕಿಕೊಂಡೆ. ನನ್ನದೇ ವಯಸ್ಸಿನ, ಕಪ್ಪು ಕೋಟಿನ ಪರಿಚಾರಕರೊಬ್ಬರು ಅದನ್ನು ಮೆಲ್ಲಗೆ ತೆಗೆದು ತೊಡೆಯ ಮೇಲೆ ಹಾಸಿದರು. ಪರಾತದಷ್ಟು ಅಗಲದ ತಟ್ಟೆಯ ನಡುವೆ ಪ್ರಸಾದದಷ್ಟು ಊಟ ಬಂತು. ಈರುಳ್ಳಿ ಸೂಪಿಗೂ ಸುಶೀಲೆ ಮಿಸುಕಲಿಲ್ಲ, ಬೆಣ್ಣೆಯಲ್ಲಿ ಬೆಂದ ಹುರುಳಿಕಾಯಿಗೂ ಮಿಸುಕಲಿಲ್ಲ. ಆಮೇಲೆ ನೀಲಿ ಗೆರೆಗಳ ಚೀಸ್ ಬಂತು. ಒಂದು ಚೂರು ಬಾಯಿಗಿಟ್ಟವನೇ ನಾನು ಕಣ್ಣೀರು ಹಾಕಿದೆ. ಉಗುಳಲು ಜಾಗವಿಲ್ಲ, ನುಂಗಲು ಧೈರ್ಯವಿಲ್ಲ. ಸುಶೀಲೆ ಮಾತ್ರ ತನ್ನ ಪಾಲನ್ನು ನಿಧಾನವಾಗಿ, ಮುಖವನ್ನೂ ಕಿವುಚದೆ ತಿಂದು ಮುಗಿಸಿದಳು.

ಪರಿಚಾರಕರು ಬೆರಗಾದರು. "ಇದನ್ನ ಮೊದಲ ಸಲಕ್ಕೇ ಹೀಗೆ ತಿನ್ನೋರನ್ನ ನಾನು ನೋಡೇ ಇಲ್ಲ ಮೇಡಂ. ರುಚಿ ಗೊತ್ತಿರೋರು ನೀವು!"

ಸುಶೀಲೆ ನಕ್ಕಳು. ಎಷ್ಟೋ ತಿಂಗಳ ಮೇಲೆ ಕೇಳಿದ ನಗು. ಅವರು ಅತ್ತ ಹೋಗುತ್ತಲೇ ಅದೇ ನಗು ಅಳುವಾಯಿತು. ಸಮಾಧಾನದ ಮಾತು ಹುಡುಕುತ್ತಾ ನಾನು ಚಮಚಗಳನ್ನು ಸಾಲಾಗಿ ಜೋಡಿಸತೊಡಗಿದೆ. ಕಣ್ಣೊರೆಸಿಕೊಂಡು ಅವಳೇ ಕೇಳಿದಳು: "ಹೇಗಿತ್ತು ಹೇಳ್ರೀ ಅದು?"

"ಮಳೆಗೆ ನೆನೆದು ಬೂಸ್ಟು ಹಿಡಿದ ಕೊಬ್ಬರಿ ಮೂಟೆಯನ್ನು ನೆಕ್ಕಿದ ಹಾಗಿದೆ ಕಣೇ."

"ಉಪ್ಪು?"

"ಜಾಸ್ತಿ. ಹಿಂದುಗಡೆಯಿಂದ ಹುಳಿ ಹುಳಿ."

"ಹುಳಿ ಅಂದ್ರೆ ಮಜ್ಜಿಗೆ ಹುಳಿಯೋ, ಹುಣಸೆ ಹುಳಿಯೋ?"

ನಾನು ಇನ್ನೊಂದು ಚೂರು ಬಾಯಿಗಿಡಬೇಕಾಯಿತು. "ಎರಡು ದಿನದ ಮಜ್ಜಿಗೆ" ಅಂದೆ. ಅವಳು ಕಣ್ಣು ಮುಚ್ಚಿ ತಲೆಯಾಡಿಸಿದಳು. ಮುಂದೆ ಬಂದದ್ದನ್ನೆಲ್ಲ ನಾನು ಮೊದಲು ತಿಂದು ವರದಿ ಒಪ್ಪಿಸಿದೆ, ಅವಳು ಕೇಳಿಸಿಕೊಂಡು ಊಟ ಮಾಡಿದಳು. ತಟ್ಟೆಯಲ್ಲಿ ಏನೂ ಉಳಿಯಲಿಲ್ಲ. ನಾಲಿಗೆ ಮಾತ್ರ ಬೆಚ್ಚಲೂ ಇಲ್ಲ, ಏಳಲೂ ಇಲ್ಲ.

ಈಗಲೂ ಅವಳಿಗೆ ರುಚಿ ಮರಳಿಲ್ಲ. ಆದರೆ ದಿನವೂ ಸಾರು ಕುದಿಯುವಾಗ ಸೌಟು ನನ್ನ ಮುಂದೆ ಬರುತ್ತದೆ, ನಾನು ಹೇಳುತ್ತೇನೆ, ಅವಳು ಒಂದಿಷ್ಟಾದರೂ ಉಣ್ಣುತ್ತಾಳೆ. ನಿನ್ನೆ ನನಗೆ ನೆಗಡಿ ಬಂತು. ಮೂಗು ಕಟ್ಟಿ, ಸೌಟಿನಲ್ಲಿದ್ದದ್ದು ಸಾರೋ ಬಿಸಿನೀರೋ ತಿಳಿಯಲಿಲ್ಲ. ಸುಶೀಲೆ ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದಳು. "ಹುಳಿ ಒಂದು ಚೂರು ಕಡಿಮೆ" ಅಂದೆ. ಅವಳು ಹುಣಸೆರಸ ಹಾಕಿದಳು. ಮತ್ತೆ ಸೌಟು ಬಂತು. "ಈಗ ಸರಿಯಾಯ್ತು ನೋಡು" ಅಂದೆ. ಇಬ್ಬರೂ ಕೂತು ಹೊಟ್ಟೆ ತುಂಬ ಉಂಡೆವು. ಆ ಸಾರು ಹೇಗಿತ್ತೆಂದು ಕೇಳಬೇಕೆಂದರೆ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.